ಕ್ಯಾಂಟೀನ್ ಗಾಡಿಯಲ್ಲಿ ಕರೆಂಟ್ ಕೈಕೊಟ್ರೆ: ಹೊಸ ಬ್ಯಾಟರಿ ತರೋ ಮುಂಚೆ ಇಷ್ಟು ನೋಡಿ

ಸಂತೆ, ಜಾತ್ರೆಗೆ ಹೋಗುವ ಹಲವು ಕ್ಯಾಂಟೀನ್ ಗಾಡಿಗಳಲ್ಲಿ ಲೈಟು, ಮಿಕ್ಸಿ, ಫ್ರಿಜ್ ಎಲ್ಲಾ ಇನ್ವರ್ಟರ್ ಮೇಲೇ ನಡೆಯುತ್ತವೆ. ಸಂಜೆ ಗಿರಾಕಿ ಬರೋ ಹೊತ್ತಿಗೆ ಅದು ಆಫ್ ಆದರೆ ಅವತ್ತಿನ ವ್ಯಾಪಾರ ಹೋದಂತೆ. ತಕ್ಷಣ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡಿ. ಒಂದು ಮಲ್ಟಿಮೀಟರ್ ಇದ್ದರೆ ತೊಂದರೆ ಎಲ್ಲಿದೆ ಅಂತ ಹುಡುಕಬಹುದು. ಮಲಗುವ ವ್ಯವಸ್ಥೆ ಇರುವ ಕ್ಯಾರವಾನ್‌ಗೂ ಇದೇ ಕ್ರಮ.

1. ಬ್ಯಾಟರಿ: ಲೋಡ್, ಚಾರ್ಜಿಂಗ್ ಎರಡೂ ನಿಲ್ಲಿಸಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ ಫುಲ್ ಇದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತೆ. 12.2 ಅಂದ್ರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ.

2. ಚಾರ್ಜಿಂಗ್: ಇಂಜಿನ್ ಸ್ಟಾರ್ಟ್ ಮಾಡಿದಾಗ ಸಾಮಾನ್ಯವಾಗಿ 13.8ರಿಂದ 14.4ಕ್ಕೆ ಏರಬೇಕು. ಏರದಿದ್ದರೆ ಆಲ್ಟರ್ನೇಟರ್, ರಿಲೇ, ಫ್ಯೂಸ್ ಚೆಕ್ ಮಾಡಿಸಿ.

3. ವೈರು, ಜಾಯಿಂಟು: ಮಿಕ್ಸಿ ಓಡುತ್ತಿರುವಾಗ ಬ್ಯಾಟರಿ ಹತ್ತಿರ ಒಮ್ಮೆ, ಇನ್ವರ್ಟರ್ ಟರ್ಮಿನಲ್ ಹತ್ತಿರ ಒಮ್ಮೆ ಅಳೆಯಿರಿ. ಅಲ್ಲಿ 12.2, ಇಲ್ಲಿ 11 ಬಂದರೆ ತಪ್ಪು ಬ್ಯಾಟರಿದಲ್ಲ, ನಡುವಿನ ವೈರಿಂದು. 500 ವ್ಯಾಟ್ ಮಿಕ್ಸಿ 12 ವೋಲ್ಟ್ ಬ್ಯಾಟರಿಯಿಂದ 40 ಆಂಪಿಯರ್‌ಗೂ ಹೆಚ್ಚು ಎಳೆಯುತ್ತೆ. ಸಣ್ಣ ವೈರು ಅದನ್ನು ತಡೆಯಲ್ಲ, ಬಿಸಿಯಾಗುತ್ತೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ನೆಗೆಟಿವ್ ವೈರ್ ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ ಒರೆಸಿ. ಆ ನೀರು ಬ್ಯಾಟರಿ ಒಳಗೆ ಹೋಗಬಾರದು. ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿ.

ಎರಡೂ ಕಡೆ ಒಟ್ಟಿಗೇ ಇಳಿದರೆ, ಫುಲ್ ಚಾರ್ಜ್ ಮಾಡಿ ಮತ್ತೆ ನೋಡಿ. ಆಗಲೂ ಕುಸಿದರೆ ಮಾತ್ರ ಬ್ಯಾಟರಿ ಬದಲಿಸುವ ಮಾತು.

4. ಲೆಕ್ಕ: 150 ಎಎಚ್ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸಿದರೆ ಬಾಳಿಕೆ ಹೆಚ್ಚು. ಅಂದ್ರೆ ಸುಮಾರು 900 ವ್ಯಾಟ್ ಅವರ್. ಒಟ್ಟು 200 ವ್ಯಾಟ್ ಲೋಡ್‌ಗೆ ಹೆಚ್ಚುಕಮ್ಮಿ 4 ಗಂಟೆ. ಪದೇಪದೇ ಇದಕ್ಕಿಂತ ಜಾಸ್ತಿ ಓಡಿಸಿದರೆ ಲೆಡ್ ಆಸಿಡ್ ಬ್ಯಾಟರಿ ಬೇಗ ಕೆಡುತ್ತೆ.

ಎಚ್ಚರ: ಫ್ಯೂಸ್ ಪದೇಪದೇ ಹೋಗುತ್ತೆ ಅಂತ ಅಲ್ಲಿ ತಂತಿ ಸುತ್ತಬೇಡಿ. ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಇರುವ ಗಾಡಿಯಲ್ಲಿ ವೈರು ಕಾದು ಬೆಂಕಿ ಹತ್ತಿದರೆ ಬ್ಯಾಟರಿ ಜೊತೆ ಗಾಡಿಯೂ ಉಳಿಯಲ್ಲ. ವೈರಿಗೆ ತಕ್ಕ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. 230 ವೋಲ್ಟ್ ಕಡೆಯ ರಿಪೇರಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ. ಬಾಡಿಗೆ ಶಾಕ್ ಹೊಡೆದರೆ ತಕ್ಷಣ ಎಲ್ಲಾ ಆಫ್ ಮಾಡಿ, ಸರಿಮಾಡಿಸದೆ ಮತ್ತೆ ಹಾಕಬೇಡಿ.