ಆಲ್ಡರ್ಲಿ ಎಡ್ಜ್ ತಾಮ್ರದ ಗಣಿ: ಶಿಲೆ, ಐತಿಹ್ಯ ಮತ್ತು ಒಂದು ಮರದ ಸಲಿಕೆ

ಇಂಗ್ಲೆಂಡಿನ ಚೆಷೈರ್ ಪ್ರಾಂತದ ಬಯಲಿನಲ್ಲಿ, ಮ್ಯಾಂಚೆಸ್ಟರ್ ನಗರದ ದಕ್ಷಿಣಕ್ಕೆ, ಮರಳುಗಲ್ಲಿನ ಕಡಿದಾದ ದಿಬ್ಬವೊಂದಿದೆ. ಆಲ್ಡರ್ಲಿ ಎಡ್ಜ್ ಎಂದು ಅದರ ಹೆಸರು. ಕಾರ್ನ್‌ವಾಲ್ ಅಥವಾ ವೇಲ್ಸ್‌ನ ತಾಮ್ರದ ಗಣಿಗಳ ಮುಂದೆ ಇಲ್ಲಿಯ ಗಣಿ ಚಿಕ್ಕದು. ಆದರೆ ಒಂದು ಗಣಿಯ ಪ್ರಾಚೀನತೆ ಯಾವ ಆಧಾರಗಳಿಂದ ಸ್ಥಾಪಿತವಾಗುತ್ತದೆ, ಆ ಆಧಾರಗಳನ್ನು ಯಾರು ಉಳಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಇದರಷ್ಟು ಸ್ಪಷ್ಟವಾದ ನಿದರ್ಶನ ವಿರಳ.

ಇಲ್ಲಿಯ ಮರಳುಗಲ್ಲು ಮತ್ತು ಬೆಣಚುಗಲ್ಲಿನ ಪದರಗಳು ಟ್ರಯಾಸಿಕ್ ಯುಗದವು. ಸುಮಾರು 24 ಕೋಟಿ ವರ್ಷಗಳ ಹಿಂದೆ ಮರುಭೂಮಿಯಂಥ ಒಣನೆಲದಲ್ಲಿ ಹರಿದ ನದಿಗಳೂ ಬೀಸಿದ ಗಾಳಿಯೂ ತಂದೊಟ್ಟಿದ ಮರಳೇ ಮುಂದೆ ಶಿಲೆಯಾಯಿತು. ಅನಂತರ ಭೂಗರ್ಭದ ಉಪ್ಪುನೀರು ಲೋಹಾಂಶಗಳನ್ನು ಕರಗಿಸಿಕೊಂಡು ಸ್ತರಭಂಗಗಳ ಗುಂಟ ಮೇಲೇರಿ, ಮರಳುಗಲ್ಲಿನ ಸೂಕ್ಷ್ಮರಂಧ್ರಗಳಲ್ಲಿ ಅವನ್ನು ಬಿಟ್ಟಿತು. ಹೀಗಾಗಿ ತಾಮ್ರವು ಗಟ್ಟಿ ಎಳೆಯಾಗಿ ಮಾತ್ರವಲ್ಲದೆ ಮರಳಿನ ಕಣಗಳ ನಡುವೆ ಹಸಿರು ಮ್ಯಾಲಕೈಟ್ ಮತ್ತು ನೀಲಿ ಅಜ್ಯುರೈಟ್ ಲೇಪವಾಗಿಯೂ ಕಾಣುತ್ತದೆ. ಜೊತೆಗೆ ಸೀಸ ಮತ್ತು ಕೋಬಾಲ್ಟ್ ಉಂಟು. ಅದಿರಿನಲ್ಲಿ ತಾಮ್ರದ ಪ್ರಮಾಣ ಕಡಿಮೆಯಾದರೂ ಬಣ್ಣ ಕಣ್ಣಿಗೆ ರಾಚುವಂಥದು. ಶಾಸ್ತ್ರಜ್ಞಾನವಿಲ್ಲದ ಆದಿಮಾನವನಿಗೂ ಅದನ್ನು ಗುರುತಿಸಲು ಶ್ರಮವಿರಲಿಲ್ಲ.

ದಾಖಲೆಯುಳ್ಳ ಗಣಿಗಾರಿಕೆಯ ಮುಖ್ಯ ಅವಧಿ 1857ರಿಂದ 1877ರವರೆಗಿನದು. ಅದಿರನ್ನು ಪುಡಿಮಾಡಿ, ತೊಟ್ಟಿಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ತಾಮ್ರ ಕರಗಿದ ದ್ರಾವಣಕ್ಕೆ ಹಳೆಯ ಕಬ್ಬಿಣದ ಚೂರುಗಳನ್ನು ಹಾಕಿದರೆ ತಾಮ್ರ ಬೇರ್ಪಟ್ಟು ತಳಕ್ಕೆ ಇಳಿಯುತ್ತಿತ್ತು. ಬಡ ಅದಿರಿನಿಂದಲೂ ಲಾಭ ಬಂದದ್ದು ಈ ಕ್ರಮದಿಂದ. ಅನಂತರದ ಪ್ರಯತ್ನಗಳು ಅಲ್ಪಕಾಲಿಕ.

ಈ ಅವಧಿಯಲ್ಲಿಯೇ ಹಳೆಯ ಕಾಲದ ಕುರುಹುಗಳು ಹೊರಬಿದ್ದವು. ಹಿಡಿಕೆ ಕಟ್ಟಲೆಂದು ನಡುವೆ ಸುತ್ತಲೂ ಗೀರು ಕೊರೆದ ಕಲ್ಲಿನ ಸುತ್ತಿಗೆಗಳನ್ನು ಪರಿಶೀಲಿಸಿದ ವಿಲಿಯಂ ಬಾಯ್ಡ್ ಡಾಕಿನ್ಸ್ ಅವು ಕಂಚಿನ ಯುಗದವೆಂದು ವಾದಿಸಿದರು. 1875ರಲ್ಲಿ ಗಣಿ ಕಾರ್ಮಿಕರಿಗೆ ಓಕ್ ಮರದ ಸಲಿಕೆಯೊಂದು ಸಿಕ್ಕಿತು. ಮ್ಯಾಕಲ್ಸ್‌ಫೀಲ್ಡಿನ ಜೆ.ಡಿ. ಸೇಂಟರ್ 1878ರ ತಮ್ಮ ಗ್ರಂಥದಲ್ಲಿ ಅದನ್ನು ವರ್ಣಿಸಿದರು. ಆಮೇಲೆ ವಿದ್ವತ್ ಲೋಕದಲ್ಲಿ ಆ ಸಲಿಕೆಯ ಸುಳಿವೇ ಇಲ್ಲದಂತಾಯಿತು. ಕಲ್ಲಿನ ಸುತ್ತಿಗೆ ಮಾತ್ರದಿಂದ ಕಾಲ ನಿರ್ಣಯಿಸಲಾಗದೆಂಬ ಸಂಶಯವೂ ಬಲವಾಯಿತು. ಕಲ್ಲಿನ ಉಪಕರಣವನ್ನು ಯಾವ ಕಾಲದವರೂ ಬಳಸಿರಬಹುದಷ್ಟೆ.

ಸಲಿಕೆ ಊರು ಬಿಟ್ಟು ಹೋಗಿರಲಿಲ್ಲ. ಅದು ಆಲ್ಡರ್ಲಿ ಎಡ್ಜ್‌ನ ಪ್ರಾಥಮಿಕ ಶಾಲೆಯಲ್ಲಿತ್ತು. ಅಲ್ಲಿ ಕಲಿತಿದ್ದ ಆಲನ್ ಗಾರ್ನರ್, ಮುಂದೆ ಪ್ರಸಿದ್ಧ ಕಾದಂಬರಿಕಾರರಾದವರು, 1953ರಲ್ಲಿ ಅದನ್ನು ಪಡೆದು ಜೋಪಾನ ಮಾಡಿದರು. ತಲೆಮಾರುಗಳಿಂದ ಅದೇ ನೆಲದಲ್ಲಿ ಕುಶಲಕರ್ಮಿಗಳಾಗಿ ಬಾಳಿದ ಮನೆತನ ಅವರದು. ಪರಿಣತರು ಹಲವು ವರ್ಷ ಅದಕ್ಕೆ ಬೆಲೆ ಕೊಡಲಿಲ್ಲ. 1991ರಲ್ಲಿ ಅದು ಮ್ಯಾಂಚೆಸ್ಟರ್ ವಸ್ತುಸಂಗ್ರಹಾಲಯದ ಜಾನ್ ಪ್ರಾಗ್ ಅವರ ಕೈ ಸೇರಿತು. ರೇಡಿಯೋಕಾರ್ಬನ್ ಪರೀಕ್ಷೆಯಲ್ಲಿ ತಿಳಿದುಬಂದ ಕಾಲ ಸುಮಾರು ಕ್ರಿ.ಪೂ. 1750. ನೂರು ವರ್ಷಗಳ ವಾದಕ್ಕೆ ಮಕ್ಕಳ ಶಾಲೆಯಲ್ಲಿದ್ದ ಮರದ ತುಂಡು ಉತ್ತರ ಕೊಟ್ಟಂತಾಯಿತು.

1995ರಲ್ಲಿ ಡರ್ಬಿಷೈರ್ ಗುಹಾನ್ವೇಷಕರ ಸಂಘದವರಿಗೆ ಎಂಜಿನ್ ವೇನ್ ಎಂಬ ಭಾಗದಲ್ಲಿ ಮುಚ್ಚಿಹೋಗಿದ್ದ ಗಣಿಕೂಪವೊಂದರ ಮೇಲ್ಭಾಗದಲ್ಲಿ 564 ರೋಮನ್ ನಾಣ್ಯಗಳ ಗಡಿಗೆ ದೊರೆಯಿತು. ನಾಣ್ಯಗಳು ಕ್ರಿ.ಶ. 4ನೆಯ ಶತಮಾನದವು. ತುಂಬಿಹೋದ ಕೂಪದ ಮೇಲ್ಪದರದಲ್ಲಿ ಅವನ್ನು ಹೂಳಿದ್ದರಿಂದ ಕೂಪ ಅದಕ್ಕಿಂತ ಹಳೆಯದೆಂಬುದು ನಿರ್ವಿವಾದ.

ಇನ್ನು ಐತಿಹ್ಯ. ಮಾಬರ್ಲಿಯ ರೈತನೊಬ್ಬ ತನ್ನ ಬಿಳಿಯ ಹೆಣ್ಣುಕುದುರೆಯನ್ನು ಮಾರಲು ಮ್ಯಾಕಲ್ಸ್‌ಫೀಲ್ಡ್ ಸಂತೆಗೆ ಹೊರಟಾಗ ವೃದ್ಧನೊಬ್ಬ ಅಡ್ಡಗಟ್ಟಿ ತನಗೆ ಕೊಡೆಂದು ಕೇಳುತ್ತಾನೆ. ರೈತ ಒಪ್ಪುವುದಿಲ್ಲ. ಸಂತೆಯಲ್ಲಿ ಎಲ್ಲರೂ ಕುದುರೆಯನ್ನು ಹೊಗಳುತ್ತಾರೆ, ಯಾರೊಬ್ಬರೂ ಕೊಳ್ಳುವುದಿಲ್ಲ. ಹಿಂದಿರುಗುವಾಗ ಆ ವೃದ್ಧ ಅವನನ್ನು ಸ್ಟಾರ್ಮಿ ಪಾಯಿಂಟ್, ಸ್ಯಾಡಲ್‌ಬೋಲ್ ದಾಟಿಸಿ ಕರೆದೊಯ್ದು, ಕೋಲಿನಿಂದ ಬಂಡೆ ತಟ್ಟಿದಾಗ ಕಬ್ಬಿಣದ ಬಾಗಿಲು ತೆರೆಯುತ್ತದೆ. ಒಳಗೆ ಮಲಗಿರುವ ಯೋಧರು. ಒಬ್ಬೊಬ್ಬರ ಬಳಿಯೂ ಬಿಳಿಯ ಕುದುರೆ. ಒಂದು ಮಾತ್ರ ಕಡಿಮೆ. ರೈತನಿಗೆ ಹಣ ದೊರೆಯುತ್ತದೆ, ಬಾಗಿಲು ಮತ್ತೆಂದೂ ಕಾಣುವುದಿಲ್ಲ. 1805ರಲ್ಲಿ ಮ್ಯಾಂಚೆಸ್ಟರಿನ ಪತ್ರಿಕೆಯೊಂದು ಇದನ್ನು ಅಚ್ಚುಮಾಡಿತು; 1776ರಲ್ಲಿ ತೀರಿಕೊಂಡ ಶ್ರಿಗ್ಲಿ ಎಂಬ ಪಾದ್ರಿ ಇದನ್ನು ಹೇಳುತ್ತಿದ್ದರಂತೆ. ಗಾರ್ನರ್ ಇದನ್ನು ಕೇಳಿದ್ದು ತಮ್ಮ ಅಜ್ಜನ ಬಾಯಿಂದ.

ಗುಹೆಯಲ್ಲಿ ನಿದ್ರಿಸುವ ಯೋಧರೆಂಬುದು ಯುರೋಪಿನಲ್ಲೆಲ್ಲ ಹಬ್ಬಿದ ಆಶಯ. ಆದ್ದರಿಂದ ಈ ಕಥೆ ಕಂಚಿನ ಯುಗದ ಗಣಿಗಾರರ ನೇರ ಸ್ಮರಣೆಯೆಂದು ಹೇಳುವುದು ಅತ್ಯುತ್ಸಾಹವಾದೀತು. ಆದರೆ ಆಶಯ ಹೊರಗಿನದಾದರೂ ಕಥೆ ನಡೆಯುವ ದಾರಿ ಸ್ಥಳೀಯವಾದದ್ದು. ಸ್ಟಾರ್ಮಿ ಪಾಯಿಂಟ್ ಹಳೆಯ ಅಗೆತಗಳಿರುವ ಜಾಗ. ಸ್ಯಾಡಲ್‌ಬೋಲ್ ಎಂಬುದರ ಉತ್ತರಪದವಾದ 'ಬೋಲ್', ಉತ್ತರ ಇಂಗ್ಲೆಂಡಿನಲ್ಲಿ ಗಾಳಿಗೆ ಒಡ್ಡಿದ ಗುಡ್ಡದ ಮೇಲೆ ಸೀಸ ಕರಗಿಸುತ್ತಿದ್ದ ಒಲೆಗೆ ಇದ್ದ ಹೆಸರು. ರೈತನನ್ನು ವೃದ್ಧ ನಡೆಸಿಕೊಂಡು ಹೋದದ್ದು ಲೋಹದ ಕೆಲಸದ ನೆಲದ ಮೇಲೆಯೇ. ಮ್ಯಾಂಚೆಸ್ಟರ್ ವಸ್ತುಸಂಗ್ರಹಾಲಯ ಮತ್ತು ನ್ಯಾಷನಲ್ ಟ್ರಸ್ಟ್ ಸೇರಿ 1990ರ ದಶಕದಲ್ಲಿ ಆರಂಭಿಸಿದ ಭೂದೃಶ್ಯ ಅಧ್ಯಯನದಲ್ಲಿ ಭೂವಿಜ್ಞಾನ ಮತ್ತು ಪುರಾತತ್ತ್ವಗಳ ಜೊತೆಗೆ ಊರಿನವರ ಮೌಖಿಕ ನೆನಪುಗಳಿಗೂ ಸ್ಥಾನ ದೊರೆಯಿತು. ಅದರ ಸಂಪುಟಗಳು 2005 ಮತ್ತು 2016ರಲ್ಲಿ ಪ್ರಕಟವಾಗಿವೆ.