ಪ್ಲಾಸ್ಟಿಕ್‌ನಲ್ಲಿ ಬೆರೆತಿರುವುದೇನು? ಪತ್ತೆಗೆ ನೆರವಾಗುವ ಇಂಗಾಲದ ಡೈಆಕ್ಸೈಡ್

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ಜನತೆಗೆ ನೀರು ಹಿಡಿದಿಟ್ಟುಕೊಳ್ಳುವುದು ಹೊಸದಲ್ಲ. ನಲ್ಲಿಗೆ ಬಂದ ನೀರು ಪ್ಲಾಸ್ಟಿಕ್ ಕೊಡ, ಬ್ಯಾರೆಲ್ ಮತ್ತು ಮಾಳಿಗೆಯ ಮೇಲಿನ ಟ್ಯಾಂಕುಗಳಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಆ ಟ್ಯಾಂಕುಗಳು ಬಿಸಿಲಿಗೆ ಕಾಯುತ್ತವೆ. ಹೀಗಾಗಿ ಪ್ಲಾಸ್ಟಿಕ್‌ನಲ್ಲಿ ಏನು ಬೆರೆತಿದೆ, ಅದರಲ್ಲಿ ಎಷ್ಟು ನೀರಿಗೆ ಇಳಿಯುತ್ತದೆ ಎಂಬ ಪ್ರಶ್ನೆ ಪ್ರತಿ ಮನೆಗೂ ಸಂಬಂಧಿಸಿದ್ದಾಗಿದೆ.

ಪೂರಕಗಳು ಏಕೆ?

ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳು ಬರಿಯ ರೂಪದಲ್ಲಿ ಬಾಳಿಕೆ ಬರುವುದಿಲ್ಲ. ಗಾಳಿಯ ಆಮ್ಲಜನಕದಿಂದ ಕೆಡದಂತೆ ಉತ್ಕರ್ಷಣ ನಿರೋಧಕಗಳನ್ನೂ, ಬಿಸಿಲಿಗೆ ಬಿರುಕು ಬಿಡದಂತೆ ಅತಿನೇರಳೆ ಕಿರಣ ತಡೆಯುವ ವಸ್ತುಗಳನ್ನೂ ಬೆರೆಸಲಾಗುತ್ತದೆ. ಪಿವಿಸಿಯನ್ನು ಮೆದುವಾಗಿಸಲು ಥ್ಯಾಲೇಟ್‌ಗಳನ್ನು ಬಳಸುವುದುಂಟು. ಪೂರಕ ಕಡಿಮೆಯಾದರೆ ಟ್ಯಾಂಕ್ ಬೇಗ ಸೀಳುತ್ತದೆ. ಅನುಚಿತವಾದದ್ದು ಸೇರಿದರೆ ನೀರಿಗೆ ಕುತ್ತು.

ಹೊರತೆಗೆಯುವ ಬಗೆ

ಪ್ಲಾಸ್ಟಿಕ್ ಪುಡಿಯನ್ನು ದ್ರಾವಕದಲ್ಲಿ ಗಂಟೆಗಟ್ಟಲೆ ಕುದಿಸಿ ಪೂರಕಗಳನ್ನು ಬೇರ್ಪಡಿಸುವುದು ಹಳೆಯ ಸಾಕ್ಸ್‌ಲೆಟ್ ವಿಧಾನ. ಇದಕ್ಕೆ ಪರ್ಯಾಯವೇ ಸೂಪರ್‌ಕ್ರಿಟಿಕಲ್ ದ್ರವ. ಇಂಗಾಲದ ಡೈಆಕ್ಸೈಡನ್ನು 31.1 ಡಿಗ್ರಿ ಸೆಲ್ಸಿಯಸ್ ಹಾಗೂ 73.8 ಬಾರ್ ಒತ್ತಡದ ಆಚೆಗೆ ಒಯ್ದಾಗ ಅದು ಅನಿಲವೂ ಅಲ್ಲದ, ದ್ರವವೂ ಅಲ್ಲದ ಸ್ಥಿತಿ ತಲುಪುತ್ತದೆ. ಅನಿಲದಂತೆ ಪ್ಲಾಸ್ಟಿಕ್‌ನೊಳಗೆ ನುಸುಳಿ, ದ್ರವದಂತೆ ಪೂರಕಗಳನ್ನು ಕರಗಿಸಿಕೊಳ್ಳುತ್ತದೆ. ಒತ್ತಡ ಇಳಿಸಿದೊಡನೆ ಅನಿಲ ಹಾರಿಹೋಗಿ ಪೂರಕಗಳಷ್ಟೇ ಉಳಿಯುತ್ತವೆ. ಕಾಫಿಯಿಂದ ಕೆಫೀನ್ ತೆಗೆಯಲು, ಮೆಣಸಿನಕಾಯಿಯಂಥ ಸಂಬಾರ ಪದಾರ್ಥಗಳ ಸತ್ವ ಪಡೆಯಲು ಬಳಕೆಯಾಗುವುದೂ ಇದೇ ತತ್ವ.

ಮಾದರಿಯನ್ನು ದ್ರವ ಸಾರಜನಕದಲ್ಲಿ ತಣಿಸಿ ನುಣ್ಣಗೆ ಪುಡಿಮಾಡಬೇಕು. ಉಷ್ಣತೆ ಪ್ಲಾಸ್ಟಿಕ್ ಕರಗುವ ಮಟ್ಟಕ್ಕಿಂತ ಕೆಳಗಿರಬೇಕು. ಕರಗಿದರೆ ಪುಡಿ ಮುದ್ದೆಯಾಗಿ ದ್ರವಕ್ಕೆ ದಾರಿ ಮುಚ್ಚುತ್ತದೆ. ಧ್ರುವೀಯ ಗುಣದ ಪೂರಕಗಳಿಗೆ ಸ್ವಲ್ಪ ಮೆಥನಾಲ್ ಬೆರೆಸಲಾಗುತ್ತದೆ. ಟ್ಯಾಂಕುಗಳಿಗೆ ಕಪ್ಪು ಬಣ್ಣ ನೀಡುವ ಕಾರ್ಬನ್ ಬ್ಲ್ಯಾಕ್ ಮಾತ್ರ ಇದಕ್ಕೆ ಕರಗದು. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಬೇರ್ಪಡಿಸಿ ಗುರುತಿಸುವುದು

ಹೊರಬಂದದ್ದು ಹಲವು ವಸ್ತುಗಳ ಮಿಶ್ರಣ. ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ವಸ್ತು ಆವಿಯಾಗಲೇಬೇಕು. ಆದರೆ 1178 ಅಣುತೂಕದ ಇರ್ಗನಾಕ್ಸ್ 1010ರಂಥ ಉತ್ಕರ್ಷಣ ನಿರೋಧಕ ಸುಲಭವಾಗಿ ಆವಿಯಾಗದು. ಹೆಚ್ಚು ಕಾಯಿಸಿದರೆ ಒಡೆಯುತ್ತದೆ. 1962ರಲ್ಲಿ ಕ್ಲೆಸ್ಪರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಸೂಪರ್‌ಕ್ರಿಟಿಕಲ್ ದ್ರವ ಕ್ರೊಮ್ಯಾಟೋಗ್ರಫಿಯಲ್ಲಿ ಈ ತೊಡಕಿಲ್ಲ. ಕಡಿಮೆ ಉಷ್ಣತೆಯಲ್ಲೇ ಘಟಕಗಳು ಒಂದೊಂದಾಗಿ ಬೇರೆಯಾಗುತ್ತವೆ. ಅವು ಹೊರಬರುವ ಸಮಯದಿಂದ ಗುರುತು, ಶೃಂಗದ ವಿಸ್ತೀರ್ಣದಿಂದ ಪ್ರಮಾಣ ತಿಳಿಯುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದರೆ ಗುರುತು ಇನ್ನಷ್ಟು ಖಚಿತ.

ನಿಯಮ ಏನು?

ಪ್ಲಾಸ್ಟಿಕ್‌ನಲ್ಲಿರುವುದೆಲ್ಲ ನೀರಿಗೆ ಇಳಿಯುವುದಿಲ್ಲ. ಇಳಿಯುವ ಒಟ್ಟು ಪ್ರಮಾಣವನ್ನು ಅಳೆಯುವುದು ಐಎಸ್ 9845 ಪರೀಕ್ಷೆ. 2018ರ ಆಹಾರ ಪ್ಯಾಕೇಜಿಂಗ್ ನಿಯಮಾವಳಿಯಂತೆ ಈ ಮಿತಿ ಕಿಲೋಗ್ರಾಂಗೆ 60 ಮಿಲಿಗ್ರಾಂ. ಆದರೆ ಒಟ್ಟು ತೂಕವು ವಸ್ತು ಯಾವುದೆಂದು ಹೇಳದು. ಅದಕ್ಕೆ ಕ್ರೊಮ್ಯಾಟೋಗ್ರಫಿಯೇ ಬೇಕು. ರಾಜ್ಯದಲ್ಲಿ ಆಹಾರ ಪ್ಯಾಕೇಜಿಂಗ್ ಕುರಿತ ಸಂಶೋಧನೆಗೆ ಮೈಸೂರಿನ ಸಿಎಫ್‌ಟಿಆರ್‌ಐ, ಪ್ಲಾಸ್ಟಿಕ್ ತಂತ್ರಜ್ಞಾನಕ್ಕೆ ಅದೇ ನಗರದ ಸಿಪೆಟ್ ಕೇಂದ್ರಗಳಿವೆ.

ಇಂಥ ಪರೀಕ್ಷೆ ಮನೆಯಲ್ಲಿ ಸಾಧ್ಯವಿಲ್ಲ. ಟ್ಯಾಂಕ್ ಕೊಳ್ಳುವಾಗ ಐಎಸ್ 12701 ಗುರುತನ್ನು ನೋಡುವುದು, ರಾಸಾಯನಿಕ ತುಂಬಿದ್ದ ಹಳೆಯ ಬ್ಯಾರೆಲ್‌ಗಳನ್ನು ಕುಡಿಯುವ ನೀರಿಗೆ ಬಳಸದಿರುವುದು, ಟ್ಯಾಂಕಿಗೆ ನೆರಳು ಮಾಡುವುದು ಗ್ರಾಹಕರ ಕೈಯಲ್ಲಿರುವ ಎಚ್ಚರಿಕೆಗಳು.