ಎಟಿಪಿ: ಶೋಧ ಮತ್ತು ರಚನೆಯ ಇತಿಹಾಸ

ಅಡೆನೋಸಿನ್ ಟ್ರೈಫಾಸ್ಫೇಟ್, ಅಂದರೆ ಎಟಿಪಿ, ಜೀವಕೋಶದ ಶಕ್ತಿ ವಿನಿಮಯ ನಡೆಸುವ ನ್ಯೂಕ್ಲಿಯೋಟೈಡ್. ಅಡೆನಿನ್ ಪ್ರತ್ಯಾಮ್ಲ, ರೈಬೋಸ್ ಸಕ್ಕರೆ, ಸಾಲಾಗಿ ಕೂಡಿಕೊಂಡ ಮೂರು ಫಾಸ್ಫೇಟ್‌ಗಳು ಇದರ ಅಂಗಗಳು. ಇದರ ಶೋಧಕರು ಯಾರೆಂಬ ವಿಷಯದಲ್ಲಿ ಆಕರಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ಜರ್ಮನಿಯ ಕಾರ್ಲ್ ಲೋಮನ್ ಅವರನ್ನಷ್ಟೇ ಹೆಸರಿಸುತ್ತವೆ. ಭಾರತದ ಅನೇಕ ಜನಪ್ರಿಯ ಬರಹಗಳಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರೊಂದೇ ಸಿಗುತ್ತದೆ.

ಭೀಮವರಂನಲ್ಲಿ ಹುಟ್ಟಿ ಹಾರ್ವರ್ಡ್ ಸೇರಿದ ಸುಬ್ಬರಾವ್, ಸೈರಸ್ ಫಿಸ್ಕ್ ಜೊತೆಗೂಡಿ 1925ರಲ್ಲಿ ರಂಜಕವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ದ್ರಾವಣಕ್ಕೆ ಆಮ್ಲ ಮತ್ತು ಮಾಲಿಬ್ಡೇಟ್ ಬೆರೆಸಿ ಅಪಕರ್ಷಿಸಿದರೆ ನೀಲಿ ಬಣ್ಣ ಮೂಡುತ್ತದೆ. ಆ ನೀಲಿ ಎಷ್ಟು ಗಾಢವೋ ಫಾಸ್ಫೇಟ್ ಅಷ್ಟು ಹೆಚ್ಚು. ಇದೇ ವಿಧಾನದಿಂದ ಇಬ್ಬರೂ 1927ರಲ್ಲಿ ಸ್ನಾಯುವಿನ ಫಾಸ್ಫೋಕ್ರಿಯಾಟಿನ್ ಎಂಬ ಫಾಸ್ಫೇಟ್ ಸಂಯುಕ್ತವನ್ನು ಗುರುತಿಸಿದರು.

ಇತ್ತ ಬರ್ಲಿನ್‌ನಲ್ಲಿ ಒಟ್ಟೊ ಮೇಯರ್‌ಹಾಫ್ ಅವರ ಪ್ರಯೋಗಾಲಯದಲ್ಲಿದ್ದ ಲೋಮನ್, ಸ್ನಾಯುವಿನ ಸಾರವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ನಿಮಿಷ ಕಾಯಿಸಿದರೆ ಕಳಚಿಕೊಳ್ಳುವ ಫಾಸ್ಫೇಟ್‌ನ ಬೆನ್ನು ಹತ್ತಿದ್ದರು. ಅದು ಬಿಡಿ ಪೈರೋಫಾಸ್ಫೇಟ್, ಅಂದರೆ ಎರಡು ಫಾಸ್ಫೇಟ್‌ಗಳ ಜೋಡಿ, ಎಂಬುದು ಅವರ ಮೊದಲ ಎಣಿಕೆ. ಅದು ಅಡೆನಿಲಿಕ್ ಆಮ್ಲಕ್ಕೆ (ಅಡೆನಿನ್, ರೈಬೋಸ್, ಒಂದು ಫಾಸ್ಫೇಟ್ ಸೇರಿದ ಸಂಯುಕ್ತ) ಅಂಟಿಕೊಂಡೇ ಇರುತ್ತದೆ, ಅಂದರೆ ಎಟಿಪಿಯ ಭಾಗವೆಂದು ತಿಳಿದದ್ದು ಆಮೇಲೆ. ಅವರ ಪ್ರಬಂಧ 1929ರ ಆಗಸ್ಟ್‌ನಲ್ಲಿ ಬಂತು. ಎಟಿಪಿ ಕುರಿತ ಫಿಸ್ಕ್ ಮತ್ತು ಸುಬ್ಬರಾವ್ ಅವರ ಪ್ರಬಂಧ ಅದೇ ವರ್ಷ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಮುದ್ರಣದ ದಿನಾಂಕವೊಂದನ್ನೇ ನೋಡಿದರೆ ಲೋಮನ್ ಮುಂದಿದ್ದಾರೆ. ಆದರೆ ಹಾರ್ವರ್ಡ್‌ನ ಕೆಲಸ ತನ್ನದೇ ದಾರಿಯಲ್ಲಿ ವರ್ಷಗಳಿಂದ ಬೆಳೆದು ಬಂದದ್ದು. ಹೀಗಾಗಿ ಎರಡನ್ನೂ ಸ್ವತಂತ್ರ ಶೋಧಗಳೆಂದು ಎಣಿಸುವುದೇ ನ್ಯಾಯ. ಸುಬ್ಬರಾವ್ ಹೆಸರನ್ನು ಬಿಟ್ಟುಬಿಡುವ ಪಠ್ಯಗಳು ತಿದ್ದುಪಡಿಗೆ ಅರ್ಹ.

ರಚನೆಯ ವಿಷಯದಲ್ಲೂ ಇಂಥದ್ದೇ ಜೋಡಿ ಹಕ್ಕುಗಳಿವೆ. ಮೂರು ಫಾಸ್ಫೇಟ್‌ಗಳು ರೈಬೋಸ್‌ನ ಐದನೆಯ ಇಂಗಾಲಕ್ಕೆ ಒಂದರ ತುದಿಗೊಂದು ಜೋಡಣೆಯಾಗಿವೆ ಎಂಬ ನಿಲುವನ್ನು 1935ರಲ್ಲಿ ಲೋಮನ್ ಮಂಡಿಸಿದರು. ಆಗ ಜಪಾನಿನ ಹಿಡಿತದಲ್ಲಿದ್ದ ಡೈರೆನ್‌ನಲ್ಲಿ ಕತಾಶಿ ಮಕಿನೊ ಕೂಡ ಅದೇ ವರ್ಷ ರಚನೆಯನ್ನು ಸೂಚಿಸಿದ್ದರು. ಈ ಎರಡನೆಯ ಹೆಸರು ಪಠ್ಯಪುಸ್ತಕಗಳಲ್ಲಿ ಅಪರೂಪ. ಕೇಂಬ್ರಿಜ್‌ನಲ್ಲಿ ಅಲೆಕ್ಸಾಂಡರ್ ಟಾಡ್ ತಂಡ 1948ರಲ್ಲಿ ಎಟಿಪಿಯನ್ನು ಕೃತಕವಾಗಿ ತಯಾರಿಸಿದ ಮೇಲೆ ರಚನೆ ಖಚಿತವಾಯಿತು.

ಎಟಿಪಿಯ ಕೆಲಸ ಏನೆಂಬುದು ಬಿಡಿಬಿಡಿಯಾಗಿ ತಿಳಿಯುತ್ತ ಹೋಯಿತು. ಸ್ನಾಯುವಿನ ಮಯೋಸಿನ್ ಎಂಬ ಪ್ರೋಟೀನ್ ಎಟಿಪಿಯನ್ನು ಒಡೆಯಬಲ್ಲದೆಂದು 1939ರಲ್ಲಿ ಎಂಗೆಲ್‌ಹಾರ್ಟ್ ಮತ್ತು ಲ್ಯುಬಿಮೋವಾ ತೋರಿಸಿದರು. ಫಾಸ್ಫೇಟ್ ಬಂಧವನ್ನು ಕೋಶದ ಶಕ್ತಿ ಸಾಗಣೆಯ ಮೂಲವೆಂದು 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಪ್ರತಿಪಾದಿಸಿದರು. ಆದರೂ ಜೀವಂತ ಸ್ನಾಯು ಸಂಕುಚಿಸುವಾಗ ಎಟಿಪಿ ನಿಜವಾಗಿ ಖರ್ಚಾಗುತ್ತದೆ ಎಂಬುದಕ್ಕೆ ನೇರ ಪುರಾವೆ ಎಲ್ಲಿದೆ ಎಂದು ಶರೀರಕ್ರಿಯಾ ವಿಜ್ಞಾನಿ ಎ. ವಿ. ಹಿಲ್ 1950ರಲ್ಲಿ ಸವಾಲು ಹಾಕಿದರು. ಫಾಸ್ಫೋಕ್ರಿಯಾಟಿನ್ ತಕ್ಷಣ ಎಟಿಪಿಯನ್ನು ತುಂಬಿಕೊಡುತ್ತಿದ್ದುದರಿಂದ ಇಳಿಕೆ ಕಾಣುತ್ತಿರಲಿಲ್ಲ. ಕೇನ್ ಮತ್ತು ಡೇವಿಸ್ 1962ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಆ ಮರುಪೂರೈಕೆಯನ್ನು ರಾಸಾಯನಿಕದಿಂದ ತಡೆದು, ಒಂದೇ ಸಂಕುಚನದಲ್ಲಿ ಎಟಿಪಿ ಇಳಿದದ್ದನ್ನು ಅಳೆದು ತೋರಿಸಿದರು.